ಅಣಬೆಯ ಬೀಟಾ-ಗ್ಲುಕಾನ್ ಮತ್ತು ಸಂಧಿವಾತ: ಒಂದು ಚಾರಿತ್ರಿಕ ಅವಲೋಕನ

ಅಣಬೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂಬ ಮಾತನ್ನು ನಂಬಿ ಸಂಧಿವಾತದ ರೋಗಿಗಳೂ ಅದರ ಪುಡಿ, ಕ್ಯಾಪ್ಸೂಲುಗಳನ್ನು ಕೊಳ್ಳುತ್ತಿದ್ದಾರೆ. ಆದರೆ ರುಮಟಾಯ್ಡ್ ಸಂಧಿವಾತ ಆ ಶಕ್ತಿ ಕುಂದಿದ್ದರಿಂದ ಬರುವ ಕಾಯಿಲೆಯಲ್ಲ. ಆ ಶಕ್ತಿಯೇ ದಾರಿ ತಪ್ಪಿ ದೇಹದ ಕೀಲುಗಳ ಮೇಲೆ ಎರಗುವುದರಿಂದ ಬರುವಂಥದ್ದು. ಹಾಗಾಗಿ ಈ ನಂಬಿಕೆ ಹುಟ್ಟಿದ್ದು ಎಲ್ಲಿ, ಸಂಧಿವಾತಕ್ಕೆ ಅದು ಎಷ್ಟು ಸಲ್ಲುತ್ತದೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಚೀನಾದ ಪ್ರಾಚೀನ ಔಷಧ ಗ್ರಂಥ ‘ಶೆನ್ನೋಂಗ್ ಬೆನ್‌ಚಾವೊ ಜಿಂಗ್’ ಲಿಂಗ್‌ಝಿ ಅಣಬೆಯನ್ನು ಮೇಲ್ದರ್ಜೆಯ ಮದ್ದುಗಳಲ್ಲಿ ಎಣಿಸಿದೆ. ಆಧುನಿಕ ಅಧ್ಯಯನಕ್ಕೆ ಭದ್ರ ಬುನಾದಿ ಬಿದ್ದದ್ದು ಜಪಾನಿನಲ್ಲಿ. ಗೋರೊ ಚಿಹಾರ ಮತ್ತು ಸಂಗಡಿಗರು ಶಿಟಾಕೆ ಅಣಬೆಯಿಂದ ಬೇರ್ಪಡಿಸಿದ, ಬೀಟಾ-ಗ್ಲುಕಾನ್ ಎಂಬ ಸಕ್ಕರೆ ಸರಪಳಿಯ ವಸ್ತು ಇಲಿಗಳಲ್ಲಿ ಸಾರ್ಕೋಮಾ-180 ಗೆಡ್ಡೆಯನ್ನು ತಡೆಯಿತೆಂದು 1969ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ಲೆಂಟಿನಾನ್. ಅದು ಗೆಡ್ಡೆಯನ್ನು ನೇರವಾಗಿ ಕೊಲ್ಲದೆ ದೇಹದ ರಕ್ಷಣಾ ಕೋಶಗಳನ್ನು ಚುರುಕುಗೊಳಿಸುತ್ತಿತ್ತು. ಜಪಾನ್ 1977ರಲ್ಲಿ ಮತ್ತೊಂದು ಅಣಬೆಯಿಂದ ತೆಗೆದ ಪಿಎಸ್‌ಕೆ ಎಂಬ ಮದ್ದಿಗೆ, 1985ರಲ್ಲಿ ಲೆಂಟಿನಾನ್‌ಗೆ ಕ್ಯಾನ್ಸರಿನ ಪೂರಕ ಚಿಕಿತ್ಸೆಯಾಗಿ ಅನುಮತಿ ಕೊಟ್ಟಿತು. ‘ಶಕ್ತಿವರ್ಧಕ’ ಎಂಬ ಕೀರ್ತಿ ಬೆಳೆದದ್ದು ಈ ಕ್ಯಾನ್ಸರ್ ಸಂಶೋಧನೆಯಿಂದಲೇ.

ಬಿಳಿ ರಕ್ತಕಣಗಳು ಬೀಟಾ-ಗ್ಲುಕಾನನ್ನು ಗುರುತಿಸುವ ಪ್ರಮುಖ ಗ್ರಾಹಕ ಡೆಕ್ಟಿನ್-1 ಎಂದು 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸಯಾಮನ್ ಗಾರ್ಡನ್ ತೋರಿಸಿದರು. ಸಂಧಿವಾತದ ಪ್ರಶ್ನೆ ಗಂಭೀರವಾದದ್ದು ಇದರ ನಂತರ. ಆಗ ಕ್ಯೋಟೋದಲ್ಲಿದ್ದ ಶಿಮೊನ್ ಸಕಾಗುಚಿ ತಂಡದ ಎಸ್‌ಕೆಜಿ ಎಂಬ ತಳಿಯ ಇಲಿಗಳಿಗೆ ಸಂಧಿವಾತ ಬರುವ ಪ್ರವೃತ್ತಿ ಹುಟ್ಟಿನಿಂದಲೇ ಇರುತ್ತದೆ. ರೋಗಕಾರಕ ಸೂಕ್ಷ್ಮಾಣುಗಳಿಲ್ಲದ ಶುದ್ಧ ಪರಿಸರದಲ್ಲಿ ಮಾತ್ರ ಕಾಯಿಲೆ ಕಾಣಿಸಿಕೊಳ್ಳುವುದಿಲ್ಲ. ಆ ತಂಡದ 2005ರ ವರದಿಯ ಪ್ರಕಾರ, ಅಂಥ ಪರಿಸರದಲ್ಲೂ ಝೈಮೋಸಾನ್ ಎಂಬ ಯೀಸ್ಟಿನ ಕಚ್ಚಾ ಬೀಟಾ-ಗ್ಲುಕಾನ್ ಅಥವಾ ಶುದ್ಧ ಬೀಟಾ-ಗ್ಲುಕಾನಿನ ಒಂದೇ ಚುಚ್ಚುಮದ್ದಿಗೆ ಅವುಗಳ ಕೀಲುಗಳು ತೀವ್ರವಾಗಿ ಊದಿಕೊಂಡವು. ಡೆಕ್ಟಿನ್-1 ಅನ್ನು ತಡೆದಾಗ ಕಾಯಿಲೆ ಬರಲಿಲ್ಲ. ಇದು ಇಲಿಗೆ ಚುಚ್ಚಿದ ಪರಿಣಾಮ, ಮನುಷ್ಯ ಅಣಬೆ ತಿಂದದ್ದರ ಫಲವಲ್ಲ. ಆದರೂ ನಿರೋಧಕ ಕೋಶಗಳನ್ನು ಪ್ರಚೋದಿಸುವುದು ಎಲ್ಲರಿಗೂ ಹಿತವಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಮನುಷ್ಯರ ಮೇಲಿನ ಪುರಾವೆ ತೆಳುವಾಗಿದೆ. 2007ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪ್ರಯೋಗವೊಂದರಲ್ಲಿ 65 ರುಮಟಾಯ್ಡ್ ರೋಗಿಗಳ ಪೈಕಿ 32 ಮಂದಿಗೆ ಲಿಂಗ್‌ಝಿಯನ್ನು ‘ಸಾನ್ ಮಿಯಾವ್ ಸಾನ್’ ಎಂಬ ಮೂಲಿಕೆಗಳೊಂದಿಗೆ, ಉಳಿದವರಿಗೆ ಹುಸಿಮದ್ದನ್ನು 24 ವಾರ ಕೊಡಲಾಯಿತು. ಮದ್ದು ಪಡೆದವರಲ್ಲಿ ನೋವು ತಗ್ಗಿತು. ಆದರೆ ನಿಗದಿತ ಮಾನದಂಡದಂತೆ ಚೇತರಿಸಿಕೊಂಡವರ ಪ್ರಮಾಣದಲ್ಲಾಗಲಿ ಉರಿಯೂತದ ಸೂಚಕಗಳಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೂಲಿಕೆಗಳೂ ಬೆರೆತಿದ್ದರಿಂದ ನೋವು ತಗ್ಗಿದ ಶ್ರೇಯವನ್ನು ಅಣಬೆಗೊಂದಕ್ಕೇ ಕೊಡುವಂತಿಲ್ಲ.

ಹಾಗೆ ನೋಡಿದರೆ, ಸಂಧಿವಾತದ ಚಿಕಿತ್ಸೆಯಲ್ಲಿ ನೆಲೆ ಕಂಡ ಶಿಲೀಂಧ್ರಜನ್ಯ ಔಷಧಗಳಲ್ಲಿ ಒಂದು ಸೈಕ್ಲೋಸ್ಪೋರಿನ್. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಿಂದ ಬಂದ ಅದು ಮಾಡುವುದು ನಿರೋಧಕ ಶಕ್ತಿಯನ್ನು ಹೆಚ್ಚಿಸುವ ಕೆಲಸವನ್ನಲ್ಲ, ಅಂಕೆಯಲ್ಲಿಡುವ ಕೆಲಸವನ್ನು. ಜೊತೆಗೆ, ಅಡುಗೆಯ ಅಣಬೆ ಬೇರೆ, ಸಾಂದ್ರೀಕರಿಸಿದ ಸಾರ ಬೇರೆ ಎಂಬುದನ್ನು ಮರೆಯಬಾರದು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಅಂಥ ಸಾರವನ್ನು ತೆಗೆದುಕೊಳ್ಳಬಾರದು, ಅದನ್ನು ನೆಚ್ಚಿ ಮಾತ್ರೆಯನ್ನು ಬಿಡಲೂಬಾರದು.