ಸ್ವಾಮಿಯ ಟೋಪಿ ಮತ್ತು ನಮ್ಮ ಅಂಗಳ



ನಿನ್ನೆ ರಾತ್ರಿ ಮಗಳು ಮೊಬೈಲಲ್ಲಿ 'ಮಾಲ್ಗುಡಿ ಡೇಸ್' ಹಾಕ್ಕೊಂಡು ಬಿದ್ದು ಬಿದ್ದು ನಗ್ತಿದ್ಲು. ಸ್ವಾಮಿ ಟೋಪಿ ಸುಡೋ ಕಥೆ. ನಾನೂ ಪಕ್ಕದಲ್ಲಿ ಕೂತೆ.

ಈ ಧಾರಾವಾಹಿ ನಾನು ಮೊದಲು ನೋಡಿದ್ದು ಬಿಳಗಿಯಲ್ಲಿ, ಸಣ್ಣವನಿದ್ದಾಗ. ಟಿವಿ ಇದ್ದ ಮನೆಯ ಜಗಲಿ ಮೇಲೆ ಉಳಿದ ಮಕ್ಕಳು, ನಮ್ಮ ಕೇರಿಯವರು ಅಂಗಳದಲ್ಲಿ. ಹಿಂದಿ ಗೊತ್ತಿಲ್ಲ. ಜಗಲಿಯವರು ನಕ್ಕರೆ ನಾವೂ ನಗೋದು. ಮಾಡಿದ ಶಂಕರ್ ನಾಗ್ ನಮ್ಮ ಜಿಲ್ಲೆಯವರು, ಹೊನ್ನಾವರದ ಕಡೆ. ತೆಗೆದಿದ್ದು ಘಟ್ಟದ ಮೇಲಿನ ಆಗುಂಬೆಯಲ್ಲಿ. ಹಾಗಾಗಿ ಆ ಮನೆ, ಆ ಮಳೆ ನಮ್ಮೂರಿನದೇ ಅನಿಸ್ತಿತ್ತು.

ಕಥೆ ಗೊತ್ತಲ್ಲ? ಆರ್.ಕೆ. ನಾರಾಯಣ್ ಅವರ ಪುಸ್ತಕದಲ್ಲಿ ಅದು 1930ರ ಆಗಸ್ಟ್ 15. ವಿದೇಶಿ ಬಟ್ಟೆ ಸುಡ್ತಿದಾರೆ. ಸ್ವಾಮಿ ಜೋಶಲ್ಲಿ ತನ್ನ ಟೋಪಿ ಬೆಂಕಿಗೆ ಎಸೀತಾನೆ. ಆಮೇಲೆ ನೋಡಿದ್ರೆ ಅದು ಸ್ವದೇಶಿ ಟೋಪಿನೇ! ಮರುದಿನ ಶಾಲೆಯ ಕಿಟಕಿ ಗಾಜು ಪುಡಿ. ಹೆಡ್‌ಮಾಸ್ತರರ ಬೆತ್ತ ಮುರಿದು ಓಡಿಬಂದ ಹುಡುಗನಿಗೆ ಇನ್ನೊಂದು ಶಾಲೆ ಬಾಗಿಲು ತೆರೀತದೆ.

ನಾನು ನಿಂತಿದ್ದು ಅಲ್ಲೇ. ಅದೇ 1930ರ ಮಾರ್ಚಲ್ಲಿ ನಾಶಿಕದ ಕಾಳಾರಾಮ ಗುಡಿ ಬಾಗಿಲಲ್ಲಿ ಬಾಬಾಸಾಹೇಬರ ಸತ್ಯಾಗ್ರಹ ಶುರುವಾಗಿತ್ತು. ಆಗ ನಾಶಿಕವೂ ನಮ್ಮ ಸಿದ್ದಾಪುರವೂ ಒಂದೇ ಮುಂಬಯಿ ಪ್ರಾಂತ. ಸರ್ಕಾರಿ ಶಾಲೆ, ಬಾವಿ, ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ 1923ರಲ್ಲೇ ಬೋಲೆಯವರ ಠರಾವು ಪಾಸಾಗಿತ್ತು. ಗುಮಾಸ್ತನಾಗಿ ಹೇಳ್ತೇನೆ, ಠರಾವು ಫೈಲಲ್ಲಿ ಇರೋದು ಬೇರೆ, ಊರಲ್ಲಿ ನಡೆಯೋದು ಬೇರೆ. 1927ರಲ್ಲಿ ಮಹಾಡದ ಕೆರೆಯ ನೀರು ಕುಡಿದಿದ್ದಕ್ಕೆ ನಮ್ಮವರು ಪೆಟ್ಟು ತಿಂದರು.

'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಗಿದ್ದು 1935ರಲ್ಲಿ. ಅದೇ ವರ್ಷ ಅಕ್ಟೋಬರ್ 13ರಂದು ಯೇವಲೆಯಲ್ಲಿ ಬಾಬಾಸಾಹೇಬರು ನಾನು ಹಿಂದೂವಾಗಿ ಸಾಯೋದಿಲ್ಲ ಅಂದರು. ಒಂದು ಕಡೆ ಶಾಲೆಯ ಗಾಜು ಒಡೆದು ಹೊರಗೆ ಬರೋ ಮಗು, ಇನ್ನೊಂದು ಕಡೆ ಶಾಲೆಯ ಒಳಗೆ ಕೂರೋಕೆ ಜಗಳ ಮಾಡಬೇಕಾದ ಮಗು.

ನಾರಾಯಣ್ ಅವರನ್ನು ಬೈಯೋಕೆ ಇದನ್ನ ಬರೀತಿಲ್ಲ. ಕಂಡ ಬಾಲ್ಯವನ್ನು ಅವರು ಚಂದ ಬರೆದರು. ಅದನ್ನೇ 'ನಮ್ಮೆಲ್ಲರ ಬಾಲ್ಯ' ಅಂತ ಹೇಳ್ಕೊಂಡು ಬಂದವರು ಉಳಿದವರು. ಸಿದ್ದಾಪುರದ ಕರನಿರಾಕರಣೆ ಚಳವಳಿಯ ಕಥೆಯೂ ಹಾಗೇ. ಜಮೀನು ಕಳಕೊಂಡವರ ಬಗ್ಗೆ ಕೇಳಿದ್ದೇವೆ. ಆ ಜಮೀನಲ್ಲಿ ಗೇಯ್ತಿದ್ದವರು ಆ ವರ್ಷ ಏನು ಉಂಡರು ಅಂತ ನಮಗೆ ಯಾರೂ ಹೇಳಲಿಲ್ಲ.

ಅದಕ್ಕೇ ಒಂದು ವಿನಂತಿ. ನಿಮ್ಮ ಮನೇಲಿ ಅಜ್ಜಿ, ಅಜ್ಜ ಇದ್ರೆ ಇವತ್ತೇ ಕೇಳಿ: ಶಾಲೇಲಿ ಎಲ್ಲಿ ಕೂರಿಸ್ತಿದ್ರು? ನೀರು ಯಾರು ಹೊಯ್ತಿದ್ರು? ದೋಸ್ತರು ಯಾರಿದ್ರು? ಮೊಬೈಲಲ್ಲೇ ರೆಕಾರ್ಡ್ ಮಾಡಿ, ಬರೆದಿಡಿ.

ಮಗಳು ಕೇಳಿದ್ಲು, "ಅಪ್ಪಾ, ಸ್ವಾಮಿಯ ಫ್ರೆಂಡ್ಸಲ್ಲಿ ನೀನು ಯಾರು?"

ನಾನು ಅಂಗಳದಲ್ಲಿದ್ದೆ ಮಗಾ, ಅಂದೆ. ನಗೋದು ನಿಲ್ಲಿಸಿ ನನ್ನ ಮುಖ ನೋಡಿದ್ಲು. ಆಮೇಲೆ ರಾತ್ರಿ ಹನ್ನೊಂದರವರೆಗೆ ಆ ಅಂಗಳದ ಕಥೆ ಹೇಳಿದೆ.

ಜೈಭೀಮ್.