‘ಪ್ಯಾರಿಷ್’ ಎಂಬ ಪದದ ಚರಿತ್ರೆ

ಶತಮಾನೋತ್ಸವದ ನಿಮಿತ್ತ ನಮಗೆ ಬಂದ ಪತ್ರಗಳಲ್ಲಿ ಒಂದರ ಮೇಲೆ ‘ಪ್ಯಾರಿಷ್ ಪ್ರೀಸ್ಟ್’ ಎಂಬುದಕ್ಕೆ ಬದಲಾಗಿ ‘ಪೆರಿಷ್ ಪ್ರೀಸ್ಟ್’ ಎಂದು ಬರೆದಿತ್ತು. ಇಂಗ್ಲಿಷಿನ ‘ಎ’ ಇರಬೇಕಾದಲ್ಲಿ ‘ಇ’ ಬಂದು ಕುಳಿತಿತ್ತು. ‘ಪೆರಿಷ್’ ಎಂದರೆ ನಾಶವಾಗು ಎಂದರ್ಥ. ನಮ್ಮ ಪ್ರಾಯವನ್ನು ಬಲ್ಲವರೇ ಬರೆದಿರಬೇಕೆಂದು ನಕ್ಕು ಸುಮ್ಮನಾದೆವು. ಆದರೆ ಸರಿಯಾಗಿ ಬರೆದಾಗಲೂ ಆ ಪದದ ಅರ್ಥವನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಕನ್ನಡದಲ್ಲಿ ನಾವು ಧರ್ಮಕೇಂದ್ರ ಎನ್ನುತ್ತೇವೆ. ಕರಾವಳಿಯ ಕೊಂಕಣಿ ಬಂಧುಗಳು ‘ಫಿರ್ಗಜ್’ ಎನ್ನುತ್ತಾರೆ. ಅದು ಪೋರ್ಚುಗೀಸಿನಿಂದ ಬಂದದ್ದು, ಅದರ ಬೇರಿನಲ್ಲಿರುವುದು ‘ಧರ್ಮಸಭೆಯ ಮಗ’ ಎಂಬ ಲತೀನ್ ಮಾತು. ಇಂಗ್ಲಿಷ್ ಪದದ ವಂಶವೇ ಬೇರೆ. ಗ್ರೀಕ್ ಭಾಷೆಯಲ್ಲಿ ‘ಪಾರಾ’ ಎಂದರೆ ಬಳಿ, ‘ಓಯಿಕೋಸ್’ ಎಂದರೆ ಮನೆ. ‘ಪಾರೊಯಿಕೋಸ್’ ಮೊದಲು ನೆರೆಯವನು. ಬಳಿಕ, ಊರಿನಲ್ಲಿ ವಾಸವಿದ್ದೂ ಊರಿನ ಹಕ್ಕುಗಳಿಲ್ಲದ ಪರದೇಶಿ. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ಕ್ರೈಸ್ತರನ್ನು ಈ ಹೆಸರಿನಿಂದಲೇ ಕರೆದಿದ್ದಾರೆ. ಎಮ್ಮಾವಿನ ದಾರಿಯಲ್ಲಿ ಶಿಷ್ಯನೊಬ್ಬನು ಪುನರುತ್ಥಾನರಾದ ಯೇಸುಸ್ವಾಮಿಯನ್ನು ಗುರುತಿಸದೆ, ನೀನು ಪರಸ್ಥಳದವನೋ ಎಂಬ ಭಾವದಲ್ಲಿ ಪ್ರಶ್ನಿಸುವಾಗ ಸಂತ ಲೂಕರು ಬಳಸಿದ್ದು ಇದೇ ಮೂಲದ ಕ್ರಿಯಾಪದವನ್ನು. ಸುಮಾರು ಕ್ರಿ.ಶ. 96ರಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಪತ್ರ ಬರೆದಾಗಲೂ ಎರಡೂ ಸಭೆಗಳನ್ನು ಆಯಾ ಊರಿನಲ್ಲಿ ಪರದೇಶಿಗಳಾಗಿ ತಂಗಿರುವ ಸಭೆಗಳೆಂದೇ ಹೆಸರಿಸಿತು.

ಹೀಗೆ ‘ಪಾರೊಯಿಕಿಯಾ’ ಎಂದರೆ ಪರವಾಸಿಗಳ ಬಳಗ. ಮೊದಲಿಗೆ ಅದು ಬಿಷಪರ ಆಡಳಿತಕ್ಕೆ ಸೇರಿದ ಇಡೀ ಸಮುದಾಯಕ್ಕೆ ಸಲ್ಲುತ್ತಿತ್ತು; ಗುರುವೊಬ್ಬರ ಚಿಕ್ಕ ಎಲ್ಲೆಗೆ ಇಳಿದದ್ದು ಆಮೇಲೆ. ಲತೀನಿನಲ್ಲಿ ಅದು ‘ಪಾರೋಕಿಯಾ’ ಆಯಿತು. ಪ್ರಯಾಣದಲ್ಲಿದ್ದ ರೋಮನ್ ಅಧಿಕಾರಿಗಳಿಗೆ ಸೌದೆ, ಉಪ್ಪು ಒದಗಿಸುತ್ತಿದ್ದವನಿಗೆ ‘ಪಾರೋಕುಸ್’ ಎಂಬ ಹೆಸರಿತ್ತು. ಆ ಪದದೊಡನೆ ಬೆರೆತುಹೋದುದೇ ಈ ರೂಪಕ್ಕೆ ಕಾರಣ. (ಮುಂದೆ ವಿಚಾರಣಾ ಗುರುವಿಗೂ ಅದೇ ಹೆಸರು ಬಿತ್ತು. ಸೌದೆ ಒದಗಿಸುವವನೆಂದರೆ ನಮಗೇನೂ ಬೇಸರವಿಲ್ಲ.) ಫ್ರೆಂಚರು ಅದನ್ನು ‘ಪಾರುವಾಸ್’ ಮಾಡಿದರು. ಇಂಗ್ಲಿಷಿಗೆ ಬಂದದ್ದು ಸುಮಾರು 1300ರ ವೇಳೆಗೆ. ಫ್ರೆಂಚಿನ ಕೊನೆಯ ‘ಸ’ಕಾರ ‘ಫಿನಿಶ್’, ‘ಪನಿಶ್’ ಪದಗಳಲ್ಲಿ ‘ಶ’ಕಾರವಾದಂತೆ ಇಲ್ಲಿಯೂ ಆಯಿತು. ‘ಪರೋಕಿಯಲ್’ ಎಂಬ ವಿಶೇಷಣವೊಂದು ಮಾತ್ರ ಲತೀನಿನ ‘ಕ’ಕಾರವನ್ನು ಉಳಿಸಿಕೊಂಡಿದೆ. ಸಂಕುಚಿತ ಮನಸ್ಸಿನವನು ಎಂಬುದು ಅದರ ಈಗಿನ ಇನ್ನೊಂದು ಅರ್ಥ!

ಪರದೇಶಿಯ ಹೆಸರು ಸಂಕುಚಿತತೆಯ ಹೆಸರಾದದ್ದು ಹೇಗೆ? ಇಂಗ್ಲೆಂಡಿನಲ್ಲಿ 1601ರ ಕಾನೂನು ಬಡವರ ಪೋಷಣೆಯ ಹೊಣೆಯನ್ನು ಆಯಾ ಪ್ಯಾರಿಷ್ ಮೇಲೆ ಹೊರಿಸಿತು. ಹೊರೆ ಬಿದ್ದೊಡನೆ ಹೊಸಬರ ಮೇಲೆ ಕಣ್ಣು ಬಿತ್ತು. 1662ರ ಕಾನೂನಿನಂತೆ, ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿದ್ದ ಹೊಸಬನು ಹೊರೆಯಾಗಬಹುದೆಂದು ಕಂಡರೆ 40 ದಿನಗಳೊಳಗೆ ದೂರು ಕೊಟ್ಟು ಅವನನ್ನು ಹಿಂದಕ್ಕೆ ಅಟ್ಟಬಹುದಿತ್ತು. 1697ರಲ್ಲಿ ಸ್ವಂತ ಪ್ಯಾರಿಷ್‌ನ ದೃಢಪತ್ರ ತಂದವನಿಗೆ ಇರಲು ಅವಕಾಶವಾಯಿತು. ಆದರೆ ಅದೇ ಕಾನೂನು, ನೆರವು ಪಡೆಯುವ ಬಡವರು ‘ಪಿ’ ಎಂಬ ಅಕ್ಷರವನ್ನೂ ಪ್ಯಾರಿಷ್ ಹೆಸರಿನ ಮೊದಲಕ್ಷರವನ್ನೂ ಬಟ್ಟೆಯ ಮೇಲೆ ಧರಿಸಬೇಕೆಂದು ವಿಧಿಸಿತು. ಈ ಗುರುತಿನ ಕಟ್ಟಳೆ ತೊಲಗಿದ್ದು 1810ರಲ್ಲಿ.

ಇದನ್ನು ಓದುವಾಗ ನಮಗೆ ನಮ್ಮದೇ ತಪ್ಪೊಂದು ನೆನಪಾಯಿತು. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಕಟ್ಟಡದ ಕೂಲಿಗಾಗಿ ಊರೂರು ಅಲೆಯುತ್ತಿದ್ದ ದಂಪತಿಗಳು ಕೂಸಿನ ಜ್ಞಾನಸ್ನಾನಕ್ಕಾಗಿ ಬಂದರು. ನಿಮ್ಮ ಊರಿನ ಗುರುಗಳ ಪತ್ರ ತನ್ನಿರೆಂದು ಕಳುಹಿಸಿದೆವು. ಅವರು ಮತ್ತೆ ಬರಲಿಲ್ಲ. ನೆಲೆಯಿಲ್ಲದವನಿಗೆ ಅವನು ಸದ್ಯ ತಂಗಿರುವ ಸ್ಥಳದ ಗುರುವೇ ಸ್ವಂತ ಗುರು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 107ನೆಯ ವಿಧಿ ಹೇಳುತ್ತದೆ. ಗುರುಮಠದಲ್ಲಿ ಕಲಿತದ್ದು ಆ ದಿನ ನೆನಪಿಗೆ ಬರಲಿಲ್ಲ.

ಈ ಸಂಚಿಕೆಗಾಗಿ ನಮ್ಮ ದೇವಾಲಯದ ಜ್ಞಾನಸ್ನಾನದ ಮೊದಲ ದಾಖಲೆ ಪುಸ್ತಕವನ್ನು ತೆರೆದೆವು. ಹುಳು ತಿಂದ ಮೊದಲ ಪುಟದಲ್ಲಿ ತಂದೆತಾಯಿಗಳ ಊರನ್ನು ಬರೆಯುವ ಅಂಕಣವಿದೆ. ಓದಲಾಗುವ ಹೆಸರುಗಳೆಲ್ಲವೂ ದೂರದ ಊರುಗಳವು. ನಮ್ಮ ಊರಿನ ಹೆಸರು ಆ ಪುಟದಲ್ಲಿ ಒಂದು ಕಡೆಯೂ ಇಲ್ಲ.