ಅಂಕೆ ತಪ್ಪಿದ ಎಲೆಕ್ಟ್ರಾನ್‌ಗಳು

1968ರ ಆಗಸ್ಟ್‌ನಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್ ನಗರದಲ್ಲಿ ಬೈಜಿಕ ಸಮ್ಮಿಲನ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ತಮ್ಮ ಟಿ-3 ಟೋಕಮಾಕ್ ಯಂತ್ರದಲ್ಲಿ ಪ್ಲಾಸ್ಮಾದ ಎಲೆಕ್ಟ್ರಾನ್‌ಗಳು ಸುಮಾರು 1 ಕೋಟಿ ಡಿಗ್ರಿ ಉಷ್ಣತೆ ಮುಟ್ಟಿವೆ ಎಂದು ಸೋವಿಯತ್ ವಿಜ್ಞಾನಿ ಲೆವ್ ಆರ್ಟ್ಸಿಮೋವಿಚ್ ಅಲ್ಲಿ ಪ್ರಕಟಿಸಿದರು. ಪಶ್ಚಿಮದ ಹಲವರು ನಂಬಲಿಲ್ಲ.

ಇದನ್ನು ಬರೀ ಶೀತಲ ಸಮರದ ಹೊಟ್ಟೆಕಿಚ್ಚು ಎನ್ನಲಾಗದು. ಸೈಕಲ್ ಜೋರಾಗಿ ತುಳಿದಷ್ಟೂ ಎದುರುಗಾಳಿ ಹೆಚ್ಚುತ್ತದಲ್ಲವೆ? ಪ್ಲಾಸ್ಮಾದಲ್ಲಿ ಇದು ತಿರುವುಮುರುವು. ಎಲೆಕ್ಟ್ರಾನ್ ವೇಗವಾಗಿ ಓಡಿದಷ್ಟೂ ಡಿಕ್ಕಿಗಳ ಅಡ್ಡಿ ಕಡಿಮೆ. ಹೀಗಾಗಿ ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಸಿಕ್ಕ ಕೆಲವು ಎಲೆಕ್ಟ್ರಾನ್‌ಗಳು ಅಂಕೆ ತಪ್ಪಿ, ಬೆಳಕಿನ ವೇಗದ ಸಮೀಪಕ್ಕೂ ಹೋಗಬಲ್ಲವು. ರಷ್ಯನ್ನರು ಅಳೆದದ್ದು ಪ್ಲಾಸ್ಮಾದ ಒಟ್ಟು ಶಕ್ತಿಯನ್ನು. ಅದನ್ನು ಕಣಗಳಿಗೆ ಹಂಚಿ ಉಷ್ಣತೆ ಹೇಳಿದ್ದರು. ಊರಿನಲ್ಲಿ ಒಬ್ಬ ಸಾಹುಕಾರನಿದ್ದರೆ ಸರಾಸರಿ ಲೆಕ್ಕದಲ್ಲಿ ಬಡವರೂ ಅನುಕೂಲಸ್ಥರಾಗಿ ಕಾಣುತ್ತಾರೆ. ಟಿ-3ರಲ್ಲೂ ಹಾಗೇ ಆಗಿರಬಾರದೇಕೆ?

ಬ್ರಿಟಿಷರಂತೂ ಒಮ್ಮೆ ಕೈ ಸುಟ್ಟುಕೊಂಡವರು. 1958ರಲ್ಲಿ ಝೀಟಾ ಯಂತ್ರದ ಯಶಸ್ಸನ್ನು ಸಾರಿ, ಕೆಲವೇ ತಿಂಗಳಲ್ಲಿ ಮಾತು ಹಿಂತೆಗೆದುಕೊಂಡಿದ್ದರು. ಆದರೆ ಅವರ ಕಲಮ್ ಪ್ರಯೋಗಾಲಯದಲ್ಲಿ ಆಗ ರಷ್ಯನ್ನರ ಬಳಿ ಇಲ್ಲದ ಪರಿಣತಿ ಇತ್ತು: ಲೇಸರ್‌ನಿಂದ ಪ್ಲಾಸ್ಮಾದ ಉಷ್ಣತೆ ಅಳೆಯುವುದು. ಆರ್ಟ್ಸಿಮೋವಿಚ್ ಅವರನ್ನೇ ಮಾಸ್ಕೋಗೆ ಕರೆದರು. ತನ್ನ ಲೆಕ್ಕದ ಪುಸ್ತಕವನ್ನು ಎದುರಾಳಿಯ ಕೈಗೇ ಕೊಟ್ಟಂತೆ! ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ.

ಟನ್‌ಗಟ್ಟಲೆ ಸಲಕರಣೆಯೊಂದಿಗೆ ಬ್ರಿಟಿಷ್ ತಂಡ ಕುರ್ಚಟೋವ್ ಸಂಸ್ಥೆಗೆ ಹೋಯಿತು. ರೂಬಿ ಲೇಸರ್‌ನ ಕೆಂಪು ಬೆಳಕು ಪ್ಲಾಸ್ಮಾ ಹೊಕ್ಕಾಗ, ಎಲೆಕ್ಟ್ರಾನ್‌ಗಳು ಅದರ ಅತ್ಯಲ್ಪ ಅಂಶವನ್ನು ಚದುರಿಸುತ್ತವೆ. ಅವುಗಳ ಓಟದಿಂದಾಗಿ ಒಂದೇ ಬಣ್ಣದ ಬೆಳಕು ಅಕ್ಕಪಕ್ಕದ ಬಣ್ಣಗಳಿಗೂ ಹರಡುತ್ತದೆ. ಹರವು ಹೆಚ್ಚಿದಷ್ಟೂ ಉಷ್ಣತೆ ಹೆಚ್ಚು. ಇಲ್ಲಿ ಬೆರಳೆಣಿಕೆಯ ಸಾಹುಕಾರರ ಆಟ ನಡೆಯದು. ಸಾಮಾನ್ಯ ಎಲೆಕ್ಟ್ರಾನ್‌ಗಳ ಬಹುಮತವೇ ಹರವನ್ನು ನಿರ್ಧರಿಸುತ್ತದೆ. ಕಷ್ಟವಿದ್ದದ್ದು, ಪ್ಲಾಸ್ಮಾದ ಸ್ವಂತ ಪ್ರಭೆಯ ನಡುವೆ ಆ ಮಂಕು ಬೆಳಕನ್ನು ಹೆಕ್ಕುವುದರಲ್ಲಿ.

1969ರ ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರ್ಟ್ಸಿಮೋವಿಚ್ ಹೇಳಿದ್ದು ನಿಜವಾಗಿತ್ತು. ಅಮೆರಿಕದ ಪ್ರಿನ್ಸ್‌ಟನ್‌ನವರು ತಮ್ಮ ದೊಡ್ಡ ಯಂತ್ರವನ್ನೇ ಬಿಚ್ಚಿ 1970ರಲ್ಲಿ ಟೋಕಮಾಕ್ ಆಗಿ ಮಾರ್ಪಡಿಸಿದರು.

ಅಂದು ಅಂಕೆ ತಪ್ಪಿದ ಎಲೆಕ್ಟ್ರಾನ್‌ಗಳ ಮೇಲಿದ್ದದ್ದು ಲೆಕ್ಕ ಕೆಡಿಸಿದ ಆಪಾದನೆ. ಇಂದಿನ ಭಯ ಬೇರೆ. ಫ್ರಾನ್ಸ್‌ನಲ್ಲಿ ನಿರ್ಮಾಣವಾಗುತ್ತಿರುವ ಐಟರ್‌ನಂಥ ಬೃಹತ್ ಯಂತ್ರದಲ್ಲಿ ಪ್ಲಾಸ್ಮಾ ಹಠಾತ್ತನೆ ಕುಸಿದರೆ, ಇವು ದಂಡು ಕಟ್ಟಿ ಹೋಗಿ ಒಳಗೋಡೆಯನ್ನೇ ಕರಗಿಸಬಲ್ಲವು. ಗೋಡೆಗೆ ಬಡಿದಾಗ ಹೊಮ್ಮುವ ಎಕ್ಸ್-ಕಿರಣಗಳಿಂದ ಅವುಗಳ ಸುಳಿವು ಸಿಗುತ್ತದೆ, ಆದರೆ ಅದು ಕಳ್ಳ ಓಡಿದ ಮೇಲೆ ಸಿಕ್ಕ ಹೆಜ್ಜೆಗುರುತು. ಓಡುತ್ತಿರುವಾಗಲೇ ಹಿಡಿಯಲು ಇನ್ನೊಂದು ಉಪಾಯವಿದೆ. ಕಾಂತಕ್ಷೇತ್ರದಲ್ಲಿ ಬಾಗಿ ಓಡುವ ಅತಿವೇಗದ ಎಲೆಕ್ಟ್ರಾನ್ ತಾನೇ ಬೆಳಕು ಚೆಲ್ಲುತ್ತದೆ. ಜರ್ಮನಿಯ ಟೆಕ್ಸ್ಟರ್ ಯಂತ್ರದಲ್ಲಿ ಅದನ್ನು ಅವಕೆಂಪು ಕ್ಯಾಮೆರಾದಿಂದ ಸೆರೆಹಿಡಿದ ವರದಿ 1990ರಲ್ಲಿ ಪ್ರಕಟವಾಯಿತು. ಈ ಬೆಳಕು ಬಸ್ಸಿನ ದೀಪದಂತೆ ಮುಂದಕ್ಕೆ ಮಾತ್ರ ಬೀಳುತ್ತದೆ. ಎಲೆಕ್ಟ್ರಾನ್‌ಗಳು ಎದುರಿಗೆ ಬರುವ ದಿಕ್ಕಿಗೆ ಕ್ಯಾಮೆರಾ ಇಟ್ಟವರಿಗೆ ಅವು ಕಾಣುತ್ತವೆ, ಬೆನ್ನ ಹಿಂದೆ ಇಟ್ಟವರಿಗೆ ಕತ್ತಲೆ.